ದಿನಚರಿಯನ್ನೇ ಕಾವ್ಯವಾಗಿಸಿದ ರತ್ನಾಕರವರ್ಣಿ

ಜೈನಕಾಶಿ ಎಂದು ಹೆಸರಾದ ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿಯ ನಿರ್ಮಾಣ 1430ರ ಸುಮಾರಿಗೆ ನಡೆಯಿತು. ಅದಾದ ಮುಂದಿನ ಶತಮಾನದಲ್ಲಿ ಅದೇ ಊರು ಕನ್ನಡಕ್ಕೆ ಒಬ್ಬ ಮಹಾಕವಿಯನ್ನು ಕೊಟ್ಟಿತು. ಆತನೇ ರತ್ನಾಕರವರ್ಣಿ. ತಂದೆ ದೇವರಾಜ. ಕಾರ್ಕಳದ ಭೈರರಸರ ಆಸ್ಥಾನದಲ್ಲಿ ಕವಿಯಾಗಿದ್ದನು. ಜನರು ಪ್ರೀತಿಯಿಂದ ರತ್ನಾಕರ ಅಣ್ಣ ಎಂದೂ ಕರೆಯುತ್ತಿದ್ದರು. ಆತನ ತ್ರಿಲೋಕಶತಕ ರಚನೆಯಾದದ್ದು 1557ರಲ್ಲಿ. ರತ್ನಾಕರಾಧೀಶ್ವರ ಶತಕ, ಅಪರಾಜಿತೇಶ್ವರ ಶತಕ ಹಾಗೂ ಅಣ್ಣನ ಪದಗಳೆಂದು ಪ್ರಸಿದ್ಧವಾದ ಹಾಡುಗಳೂ ಆತನವೇ. ಇವೆಲ್ಲಕ್ಕೂ ಕಳಶದಂತಿರುವುದು ಭರತೇಶ ವೈಭವ.

ಭರತ ಚಕ್ರವರ್ತಿಯ ಕಥೆ ಕನ್ನಡಕ್ಕೆ ಹೊಸದಾಗಿರಲಿಲ್ಲ. ಆರು ಶತಮಾನಗಳ ಹಿಂದೆಯೇ, 941ರಲ್ಲಿ, ಪಂಪನು ಆದಿಪುರಾಣದಲ್ಲಿ ಅದನ್ನು ಹೇಳಿದ್ದನು. ಪಂಪನದು ಪಂಡಿತರು ಮೆಚ್ಚುವ ಚಂಪೂ. ರತ್ನಾಕರನು ಮನೆಮಂದಿಯೆಲ್ಲ ಕುಳಿತು ಹಾಡಿಕೊಳ್ಳಬಹುದಾದ ಸಾಂಗತ್ಯವನ್ನು ಆರಿಸಿಕೊಂಡನು. ಕಾವ್ಯದಲ್ಲಿ ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯ ಎಂಬ 5 ಭಾಗಗಳಿವೆ. ಒಟ್ಟು 80 ಸಂಧಿಗಳು, ಸುಮಾರು 10,000 ಪದ್ಯಗಳು.

ಇಷ್ಟು ದೊಡ್ಡ ಕಾವ್ಯದ ಮೊದಲ ಭಾಗದಲ್ಲಿ ಯುದ್ಧವಿಲ್ಲ, ದಂಡಯಾತ್ರೆಯಿಲ್ಲ. ಅಲ್ಲಿರುವುದು ಚಕ್ರವರ್ತಿಯ ನಿತ್ಯದ ಬದುಕು. ಸಂಧಿಗಳ ಹೆಸರುಗಳೇ ಇದನ್ನು ಹೇಳುತ್ತವೆ. ಆಸ್ಥಾನ ಸಂಧಿಯಲ್ಲಿ ಭರತನ ಓಲಗ, ಅಲ್ಲಿ ಸಂಗೀತ ಮತ್ತು ಕಾವ್ಯದ ಸವಿ. ಮುನಿಭುಕ್ತಿ ಸಂಧಿಯಲ್ಲಿ ಆತನು ಆಹಾರದಾನಕ್ಕಾಗಿ ಮುನಿಗಳ ದಾರಿ ಕಾಯುತ್ತಾನೆ. ಮುನಿಗಳ ಆಹಾರವಾದ ಬಳಿಕವೇ ರಾಜಭುಕ್ತಿ ಸಂಧಿ, ಅಂದರೆ ತನ್ನ ಊಟ. ಮುಂದೆ ಅಂತಃಪುರದ ಸರಸ, ನಾಟ್ಯ, ಶಯ್ಯಾಗೃಹ. ಪರ್ವದ ದಿನ ಬಂದಾಗ ಉಪವಾಸ, ಧ್ಯಾನ, ತತ್ವೋಪದೇಶ, ಮರುದಿನ ಪಾರಣೆ. ಈ ಎಲ್ಲದರ ನಡುವೆ ಭರತನು ಕಣ್ಣುಮುಚ್ಚಿ ತನ್ನ ಆತ್ಮನನ್ನು ತಾನೇ ನೋಡಿಕೊಳ್ಳುವ ಅಭ್ಯಾಸವನ್ನು ಬಿಡುವುದಿಲ್ಲ. ಸಿಂಹಾಸನದ ಮೇಲಿದ್ದೂ ಯೋಗಿಯಾಗಿ ಉಳಿದ ಆತನಿಗೆ ದೀಕ್ಷೆ ಪಡೆದ ಸ್ವಲ್ಪ ಹೊತ್ತಿನಲ್ಲೇ ಕೇವಲಜ್ಞಾನವಾಗುತ್ತದೆ. ನಿತ್ಯದ ಅಭ್ಯಾಸವೇ ಆ ಗಳಿಗೆಗೆ ಆತನನ್ನು ಸಿದ್ಧಗೊಳಿಸಿತ್ತು.

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನ ಎಂಬ ಆರು ಕರ್ಮಗಳು ಪ್ರತಿ ಶ್ರಾವಕನಿಗೂ ಗೊತ್ತು. ಅನೇಕರಿಗೆ ಅವು ಪಟ್ಟಿಯಾಗಿ ಮಾತ್ರ ಗೊತ್ತು. ರತ್ನಾಕರನಿಗೆ ಅವು ಕಾವ್ಯದ ವಸ್ತುವಾದವು. ವರ್ಣಿ ಎಂದರೆ ಬ್ರಹ್ಮಚಾರಿ. ವ್ರತ, ಅಧ್ಯಯನ, ಧ್ಯಾನಗಳಿಗೆ ಕಟ್ಟುಬಿದ್ದವನು. ನಿಯಮದ ಬದುಕು ಕಲ್ಪನೆಯನ್ನು ಒಣಗಿಸುತ್ತದೆ ಎಂಬ ಭಾವನೆಗೆ ಈ ವರ್ಣಿಯ ಕಾವ್ಯವೇ ಉತ್ತರ. ಶೃಂಗಾರ, ಸಂಗೀತ, ಹಾಸ್ಯ ಎಲ್ಲವೂ ಅದರಲ್ಲಿ ತುಂಬಿ ತುಳುಕುತ್ತವೆ. ಈ ಕಾವ್ಯ ಒಂಬತ್ತು ತಿಂಗಳಲ್ಲಿ ಮುಗಿಯಿತು ಎಂಬ ಹೇಳಿಕೆಯಿದೆ. ಹಾಗಾದರೆ ದಿನಕ್ಕೆ ಸುಮಾರು 37 ಪದ್ಯಗಳು! ಒಮ್ಮೆ ಉಕ್ಕಿ ಬತ್ತುವ ಉತ್ಸಾಹದಿಂದ ಇಷ್ಟು ಸಾಗದು. ಬೆಳಗಾದರೆ ಮತ್ತೆ ಓಲೆಗರಿಯ ಮುಂದೆ ಕೂರುವ ರೂಢಿ ಬೇಕು.

ಆದರೂ ಕವಿಯ ಬಾಳು ಕಾವ್ಯದಷ್ಟು ನೆಮ್ಮದಿಯದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ರಾಜಾವಳಿಕಥೆಯಲ್ಲಿ ಈ ಕುರಿತ ಐತಿಹ್ಯವಿದೆ. ತನ್ನ ಕೃತಿಯನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಬೇಕೆಂದು ಕವಿ ಬಯಸಿದನಂತೆ. ಶಾಸ್ತ್ರಕ್ಕೆ ಹೊಂದದ ಮಾತುಗಳಿವೆ ಎಂದು ಗುರುಗಳು ಒಪ್ಪಲಿಲ್ಲವಂತೆ. ಮನನೊಂದ ರತ್ನಾಕರನು ಜೈನ ಸಮಾಜವನ್ನು ತೊರೆದು ವೀರಶೈವನಾಗಿ, ಮುಂದೆ ಮತ್ತೆ ಜಿನಧರ್ಮಕ್ಕೆ ಮರಳಿದನು ಎಂದು ಆ ಕಥೆ ಹೇಳುತ್ತದೆ.

ಇದರಲ್ಲಿ ಎಷ್ಟು ಚರಿತ್ರೆ, ಎಷ್ಟು ಕಥೆ ಎಂಬುದು ಬೇರೆ ವಿಚಾರ. ಹಿಂದಿನ ಪುರಾಣಗಳ ದಾರಿಯನ್ನು ಕವಿ ಕೆಲವೆಡೆ ಬಿಟ್ಟದ್ದಂತೂ ನಿಜ. ಭರತ-ಬಾಹುಬಲಿಯರ ಕಾಳಗವನ್ನೇ ಆತನು ಭರತನ ಮೃದುಮಾತಿನಿಂದ ತಿಳಿಗೊಳಿಸಿದನು. ಅಣ್ಣತಮ್ಮಂದಿರು ಹೊಡೆದಾಡುವುದು ಆ ಕವಿಯ ಮನಸ್ಸಿಗೆ ಒಗ್ಗಲಿಲ್ಲ. ನಾಲ್ಕು ಶತಮಾನಗಳು ಕಳೆದರೂ ಭರತೇಶ ವೈಭವ ಜೈನ ಮನೆಗಳಲ್ಲಿ ಉಳಿದಿದೆ. ಅದನ್ನು ಉಳಿಸಿದ್ದು ಆನೆಯ ಮೆರವಣಿಗೆಯಲ್ಲ, ಓದಿ ಹಾಡಿದವರ ನಾಲಗೆ.

ಮೂಡುಬಿದಿರೆಯಿಂದ ಬಹುದೂರ, ಬಯಲುಸೀಮೆಯ ಸೂಲಿಬೆಲೆಯಂಥ ಊರಿನಲ್ಲಿರುವ ಕುಟುಂಬವೂ ಈ ಪರಂಪರೆಗೆ ಸೇರಬಹುದು. ಅದಕ್ಕೆ ದೊಡ್ಡ ಏರ್ಪಾಡು ಬೇಡ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿದ ಮೇಲೆ ಸಿಗುವ ಬಿಡುವು ಸಾಕು. ದಿನಕ್ಕೊಂದು ಸಂಧಿ ಓದಿದರೆ 80 ದಿನಗಳಲ್ಲಿ ಇಡೀ ಕಾವ್ಯ ಮುಗಿಯುತ್ತದೆ. ಅಜ್ಜಿ ರಾಗವಾಗಿ ಹಾಡಲಿ, ಅರ್ಥವಾಗದ ಮಾತನ್ನು ಮಕ್ಕಳು ಕೇಳಲಿ, ಕೊನೆಗೆ ಎಲ್ಲರೂ ಎರಡು ನಿಮಿಷ ಕಣ್ಣುಮುಚ್ಚಿ ಕುಳಿತುಕೊಳ್ಳಲಿ. ಹಾಗೆ ಕೇಳುತ್ತ ಬೆಳೆದ ಮಗು ಮುಂದೆ ಬರೆಯಬಹುದು, ಹಾಡಬಹುದು, ಚಿತ್ರ ಬಿಡಿಸಬಹುದು. ಏನೂ ಮಾಡದಿದ್ದರೂ ತನ್ನೊಳಗೆ ತಾನು ನೋಡಿಕೊಳ್ಳುವುದನ್ನಾದರೂ ಕಲಿತಿರುತ್ತದೆ. ರತ್ನಾಕರನ ಭರತನು ಅರಮನೆಯಲ್ಲಿದ್ದುಕೊಂಡು ಮಾಡಿದ್ದೂ ಅದನ್ನೇ.