ಸಿಡಿದ ರಿವಾಲ್ವರ್‌ನಿಂದ ಮ್ಯಾಗ್ನಂವರೆಗೆ: ಎಲ್ಮರ್ ಕೀತ್ ಎಂಬ ಹಠವಾದಿ

ಮ್ಯಾಗ್ನಂ ರಿವಾಲ್ವರ್ ಎಂದೊಡನೆ ಬಹುಮಂದಿಗೆ ನೆನಪಾಗುವುದು 1971ರ ‘ಡರ್ಟಿ ಹ್ಯಾರಿ’ ಚಿತ್ರದ ನಾಯಕ ಕ್ಲಿಂಟ್ ಈಸ್ಟ್‌ವುಡ್. ಆದರೆ ಆ ನಾಯಕನ ಕೈಯಲ್ಲಿ ಮೆರೆದ .44 ಮ್ಯಾಗ್ನಂ ರೂಪುಗೊಂಡದ್ದರ ಹಿಂದೆ ಇಡಾಹೊ ರಾಜ್ಯದ ದನಗಾಹಿಯೂ ಬೇಟೆಗಾರನೂ ಆಗಿದ್ದ ಒಬ್ಬನ ಮೂರು ದಶಕಗಳ ಹಠವಿತ್ತು. ಆತನೇ ಎಲ್ಮರ್ ಕೀತ್.

1899ರ ಮಾರ್ಚ್ 8ರಂದು ಮಿಸೌರಿ ರಾಜ್ಯದ ಹಾರ್ಡಿನ್‌ನಲ್ಲಿ ಜನಿಸಿದ ಕೀತ್ ಬೆಳೆದದ್ದು ಮೊಂಟಾನಾದಲ್ಲಿ. ಬಾಲಕನಾಗಿದ್ದಾಗಲೇ ಮಿಸೌಲಾ ಪಟ್ಟಣದ ಹೋಟೆಲೊಂದಕ್ಕೆ ಬಿದ್ದ ಬೆಂಕಿಯಲ್ಲಿ ಆತನ ದೇಹ ತೀವ್ರವಾಗಿ ಸುಟ್ಟಿತು. ಎಡಗೈ ಮುರುಟಿಹೋಯಿತು. ಅಸಹನೀಯ ನೋವುಂಡು ಆ ಕೈಯನ್ನು ಮತ್ತೆ ಬಳಕೆಗೆ ತಂದುಕೊಂಡ ಹುಡುಗ ಮುಂದೆ ದೇಶದ ಹೆಸರಾಂತ ಗುರಿಕಾರನಾದ.

ಕೀತ್‌ನ ಬದುಕಿಗೆ ತಿರುವು ಕೊಟ್ಟದ್ದು ಒಂದು ಅವಘಡ. 1925ರ ಜುಲೈ 4ರಂದು ಸ್ವಾತಂತ್ರ್ಯ ದಿನದ ಸಂಭ್ರಮಕ್ಕೆಂದು ಗುಂಡು ಹಾರಿಸುತ್ತಿದ್ದಾಗ ಆತನ .45 ಕೋಲ್ಟ್ ರಿವಾಲ್ವರಿನ ಸಿಲಿಂಡರ್ ಸಿಡಿದು ಹೋಯಿತು. ಅದೃಷ್ಟವಶಾತ್ ಜೀವ ಉಳಿಯಿತು. ಶಕ್ತಿಯುತ ತೋಟಾ ಬೇಕು, ಆದರೆ ಅದನ್ನು ತಾಳಿಕೊಳ್ಳುವ ಉಕ್ಕೂ ಬೇಕು ಎಂಬ ಪಾಠ ಆತನಿಗೆ ಮನದಟ್ಟಾಯಿತು. .45ಕ್ಕಿಂತ ತುಸು ಕಿರಿದಾದ .44 ಸ್ಪೆಷಲ್‌ನಲ್ಲಿ ತೋಟಾ ಕೂರುವ ಗೂಡುಗಳ ನಡುವೆ ಹೆಚ್ಚು ಉಕ್ಕು ಉಳಿಯುತ್ತದೆ. ಕೀತ್ ಅದನ್ನೇ ಆರಿಸಿಕೊಂಡ.

ಬೇಟೆಯಲ್ಲಿ ಗುಂಡಿನ ವೇಗದಷ್ಟೇ ಅದರ ತೂಕ ಮತ್ತು ಆಕಾರವೂ ಮುಖ್ಯ ಎಂಬುದು ಆತನ ದೃಢ ನಂಬಿಕೆ. ಚಪ್ಪಟೆ ಮೂತಿಯ, ಚೂಪು ಅಂಚಿನ, ಸುಮಾರು 250 ಗ್ರೇನ್ ಅಂದರೆ 16 ಗ್ರಾಂ ತೂಕದ ಸೀಸದ ಗುಂಡನ್ನು ಆತ ರೂಪಿಸಿದ. ಅದು ಬೇಟೆಯ ಮೈಯಲ್ಲಿ ಆಳಕ್ಕಿಳಿಯುತ್ತಿತ್ತು. ಗುರಿಹಲಗೆಯ ಮೇಲೆ ಸ್ಪಷ್ಟವಾದ ದುಂಡು ರಂಧ್ರವನ್ನೂ ಕೊರೆಯುತ್ತಿತ್ತು. ಕೀತ್ ಹೆಸರಿನಿಂದಲೇ ಅದು ಪ್ರಸಿದ್ಧವಾಯಿತು.

1935ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ .357 ಮ್ಯಾಗ್ನಂ ಹೊರಬಂತು. ಡಗ್ಲಸ್ ವೆಸ್ಸನ್, ಫಿಲಿಪ್ ಶಾರ್ಪ್ ಅವರೊಡನೆ ಕೀತ್‌ನ ಪ್ರಯೋಗಗಳೂ ಅದಕ್ಕೆ ನೆರವಾಗಿದ್ದವು. ದುರ್ಬಲವಾದ ಹಳೆಯ ರಿವಾಲ್ವರ್‌ಗಳಲ್ಲಿ ಹಿಡಿಸದಿರಲೆಂದು ಇದರ ತೋಟಾವನ್ನು .38 ಸ್ಪೆಷಲ್‌ಗಿಂತ ಸುಮಾರು 3 ಮಿಲಿಮೀಟರ್ ಉದ್ದವಾಗಿಸಲಾಗಿತ್ತು. .38 ಸ್ಪೆಷಲ್ ತೋಟಾವನ್ನು ಮಾತ್ರ .357ರಲ್ಲಿ ಧಾರಾಳವಾಗಿ ಬಳಸಬಹುದಿತ್ತು. ಹೀಗೆ ಸೌಮ್ಯ ತೋಟಾದಿಂದ ಗುರಿಯಭ್ಯಾಸ, ಪ್ರಬಲ ತೋಟಾದಿಂದ ಆತ್ಮರಕ್ಷಣೆ ಎರಡೂ ಒಂದೇ ಆಯುಧದಲ್ಲಿ ಸಾಧ್ಯವಾದವು.

ದೊಡ್ಡ ಬೇಟೆಗೆ ಇದು ಸಾಲದೆಂದ ಕೀತ್ ಪತ್ರಿಕಾ ಲೇಖನಗಳ ಮೂಲಕ ವರ್ಷಗಟ್ಟಲೆ ಕಂಪನಿಗಳ ಬೆನ್ನುಬಿದ್ದ. ಸೆಕೆಂಡಿಗೆ 1,200 ಅಡಿ ವೇಗದ .44 ತೋಟಾ ಆತನ ಬೇಡಿಕೆಯಾಗಿತ್ತು. ರೆಮಿಂಗ್ಟನ್ ತೋಟಾ ತಯಾರಿಸಿತು. ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರ್ ನಿರ್ಮಿಸಿತು. 1956ರಲ್ಲಿ ಮಾರುಕಟ್ಟೆಗೆ ಬಂದ .44 ಮ್ಯಾಗ್ನಂ ಆತನ ಬೇಡಿಕೆಯನ್ನೂ ಮೀರಿಸಿತು.

ಆದರೆ ಆ ಶಕ್ತಿಗೆ ಬೆಲೆಯೂ ಇತ್ತು. ರಿವಾಲ್ವರ್ ಹಿಂದಕ್ಕೆ ಒದೆಯುವ ರಭಸಕ್ಕೆ ಅನನುಭವಿಯ ಮಣಿಕಟ್ಟು ನೋಯುತ್ತಿತ್ತು, ಗುರಿ ತಪ್ಪುತ್ತಿತ್ತು. ಪೊಲೀಸರಿಗೆ ನಡುವಿನ ಆಯ್ಕೆಯೊಂದಿರಲೆಂದು ಕೀತ್ ಮತ್ತು ಸಂಗಡಿಗರು ಒತ್ತಾಯಿಸಿದ್ದರಿಂದ 1964ರಲ್ಲಿ .41 ಮ್ಯಾಗ್ನಂ ಬಂತು. ರಿವಾಲ್ವರ್ ಭಾರವಾದುದರಿಂದ ಅದು ಪೊಲೀಸ್ ಇಲಾಖೆಗಳಲ್ಲಿ ನೆಲೆಯೂರಲಿಲ್ಲ.

ಕೀತ್ ವಿವಾದಗಳಿಂದ ಮುಕ್ತನಾಗಿರಲಿಲ್ಲ. ಗಾಯಗೊಂಡ ಜಿಂಕೆಯೊಂದನ್ನು 600 ಗಜ ದೂರದಿಂದ .44 ಮ್ಯಾಗ್ನಂ ರಿವಾಲ್ವರಿನಲ್ಲಿ ಹೊಡೆದೆನೆಂಬ ಆತನ ಮಾತನ್ನು ನಂಬದವರೇ ಅನೇಕರು. ಹಗುರ ಗುಂಡು, ಅಧಿಕ ವೇಗದ ರೈಫಲ್‌ಗಳ ಪ್ರತಿಪಾದಕ ಜಾಕ್ ಓಕಾನರ್ ಜತೆಗಿನ ವಾಗ್ವಾದ ದಶಕಗಳ ಕಾಲ ನಡೆಯಿತು.

1979ರಲ್ಲಿ ಆತ್ಮಕಥೆ ಪ್ರಕಟವಾಯಿತು. 1981ರಲ್ಲಿ ಪಾರ್ಶ್ವವಾಯು ಬಡಿದು ಕೀತ್ ಹಾಸಿಗೆ ಹಿಡಿದ. 1984ರ ಫೆಬ್ರವರಿ 14ರಂದು ತೀರಿಕೊಂಡಾಗ ಆತನಿಗೆ 84 ವರ್ಷ. ‘ಡರ್ಟಿ ಹ್ಯಾರಿ’ ತೆರೆಕಂಡ ಮೇಲೆ .44 ಮ್ಯಾಗ್ನಂಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು. ಚಿತ್ರ ನೋಡಿ ಕೊಂಡವರ ಕೈಗೆ ಅಂಗಡಿಯಲ್ಲಿ ದಕ್ಕಿದ್ದು ಆಯುಧದ ಬಲ ಮಾತ್ರ. ಅದನ್ನು ಅಂಕೆಯಲ್ಲಿಡಲು ಬೇಕಾದ ಪಳಗಿದ ಕೈಯನ್ನು ಕೀತ್ ಸುಟ್ಟ ಬಾಲ್ಯದಿಂದಲೇ ದುಡಿದು ಗಳಿಸಿದ್ದ.