ಯುದ್ಧವಿಮಾನದಿಂದ ಪ್ರಯಾಣಿಕ ವಿಮಾನಕ್ಕೆ: ಪಿ.ಸಿ. ಲಾಲ್

ಏರ್ ಚೀಫ್ ಮಾರ್ಷಲ್ ಪ್ರತಾಪ್ ಚಂದ್ರ ಲಾಲ್ ಎಂದೊಡನೆ ನಿಮಗೆ 1971ರ ಯುದ್ಧ ನೆನಪಾಗಬಹುದು. ಆಗ ವಾಯುಪಡೆಯ ಮುಖ್ಯಸ್ಥರು ಅವರೇ. ಆದರೆ ಅವರ ಇನ್ನೊಂದು ವೃತ್ತಿಯ ಕಥೆ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ.

1916ರಲ್ಲಿ ಲೂಧಿಯಾನದಲ್ಲಿ ಜನಿಸಿದ ಲಾಲ್ ಅವರನ್ನು 1957ರಲ್ಲಿ ವಾಯುಪಡೆಯಿಂದ ನಾಗರಿಕ ವಿಮಾನಯಾನದ ಆಡಳಿತಕ್ಕೆ ಎರವಲು ಸೇವೆಯ ಮೇಲೆ ಕಳುಹಿಸಲಾಯಿತು. ಕೆಲವೇ ತಿಂಗಳಲ್ಲಿ ಅವರು ಇಂಡಿಯನ್ ಏರ್‌ಲೈನ್ಸ್‌ನ ಜನರಲ್ ಮ್ಯಾನೇಜರ್ ಆದರು. ನಿಯಮ ಹೇಳುವ ಕುರ್ಚಿಯಿಂದ ಟಿಕೆಟ್ ಮಾರುವ ಕುರ್ಚಿಗೆ ಬಂದಂತೆ ಎನ್ನಿ! 1962ರಲ್ಲಿ ಮರಳಿ ವಾಯುಪಡೆ. 1966ರಿಂದ 1969ರವರೆಗೆ ನಮ್ಮ ಬೆಂಗಳೂರಿನ ಎಚ್‌ಎಎಲ್ ಹೊಣೆ.

1973ರಲ್ಲಿ ನಿವೃತ್ತರಾಗಿ ಮತ್ತೆ ಇಂಡಿಯನ್ ಏರ್‌ಲೈನ್ಸ್‌ಗೆ ಅಧ್ಯಕ್ಷರಾಗಿ ಬಂದರು. ಕಾರ್ಮಿಕರೊಡನೆ ಪಾಳಿ ಪದ್ಧತಿಯ ಜಗಳ ಬೀಗಮುದ್ರೆಯವರೆಗೂ ಹೋಯಿತು. ಸೈನ್ಯದ ಆಜ್ಞೆ ಅಲ್ಲಿ ನಡೆಯುವಂಥದ್ದಲ್ಲ.

ನಿಜವಾದ ಇಕ್ಕಟ್ಟು 1978ರ ಫೆಬ್ರವರಿಯದು. ಮೊರಾರ್ಜಿ ದೇಸಾಯಿ ಸರ್ಕಾರ ಜೆ.ಆರ್.ಡಿ. ಟಾಟಾ ಅವರನ್ನು ಏರ್ ಇಂಡಿಯಾ ಅಧ್ಯಕ್ಷ ಸ್ಥಾನದಿಂದ ತೆಗೆದು ಲಾಲ್ ಅವರನ್ನು ನೇಮಿಸಿತು. ಆಗ ಲಾಲ್ ಜಮ್‌ಶೆಡ್‌ಪುರದಲ್ಲಿ ಟಾಟಾ ಸಮೂಹದಲ್ಲೇ ನೌಕರಿಯಲ್ಲಿದ್ದರು. 1932ರಿಂದ ಕಟ್ಟಿ ಬೆಳೆಸಿದ ಸಂಸ್ಥೆ ಕೈತಪ್ಪಿದ ಸುದ್ದಿ ಜೆ.ಆರ್.ಡಿ.ಗೆ ತಲುಪಿದ್ದು ಸರ್ಕಾರದಿಂದಲ್ಲ, ಮುಜುಗರದಿಂದ ಬಂದು ತಿಳಿಸಿದ ಲಾಲ್ ಅವರಿಂದ. ಆ ಮಾತು ಆಡುವುದು ಎಷ್ಟು ಕಷ್ಟವಾಗಿರಬೇಕು, ನೀವೇ ಯೋಚಿಸಿ.

1982ರ ಆಗಸ್ಟ್‌ನಲ್ಲಿ ಲಾಲ್ ಲಂಡನ್ನಿನಲ್ಲಿ ನಿಧನರಾದರು. ಅವರು ಬರೆಯುತ್ತಿದ್ದ ವಾಯುಪಡೆಯ ನೆನಪುಗಳನ್ನು ಪತ್ನಿ ಇಳಾ ಪೂರ್ಣಗೊಳಿಸಿದರು. ಪುಸ್ತಕ 1986ರಲ್ಲಿ ಹೊರಬಂತು.