ಮನೆ ಮನೆ ಬಾಗಿಲು ತಟ್ಟಿದ ಡು ಬಾಯ್ಸ್

ಪೂರ್ತಿ ಹೆಸರು ವಿಲಿಯಂ ಎಡ್ವರ್ಡ್ ಬರ್ಗ್‌ಹಾರ್ಟ್ ಡು ಬಾಯ್ಸ್. ಸ್ಪೆಲಿಂಗ್ ನೋಡಿದ್ರೆ ಫ್ರೆಂಚ್ ಥರ ಓದಬೇಕು ಅನ್ಸುತ್ತೆ, ಆದ್ರೆ ಅವರು ತಮ್ಮ ಹೆಸರನ್ನ ಡು ಬಾಯ್ಸ್ ಅಂತಲೇ ಹೇಳ್ತಿದ್ರು, ಬೇರೆ ಥರ ಹೇಳಿದವರನ್ನ ತಿದ್ದುತ್ತಲೂ ಇದ್ರು. ಅಮೆರಿಕದ ಕಪ್ಪು ಜನರ ಹೋರಾಟ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಮಾರ್ಟಿನ್ ಲೂಥರ್ ಕಿಂಗ್. ಕಿಂಗ್ ಹುಟ್ಟೋದಕ್ಕೆ ಮೂವತ್ತು ವರ್ಷಕ್ಕೂ ಮೊದಲೇ ಈ ಮನುಷ್ಯ ಕೈಯಲ್ಲಿ ಫಾರ್ಮ್‌ಗಳನ್ನ ಹಿಡ್ಕೊಂಡು ಫಿಲಡೆಲ್ಫಿಯಾದ ಬೀದಿ ಬೀದಿ ಸುತ್ತಿದ್ದರು. ವಲಸೆ ಬಂದವರು ಒಂದು ಊರಲ್ಲಿ ಎಲ್ಲಿ ಮನೆ ಮಾಡ್ತಾರೆ, ಯಾಕೆ ಅಲ್ಲೇ ಮಾಡ್ತಾರೆ ಅನ್ನೋ ಪ್ರಶ್ನೆಗೆ ಮನೆ ಮನೆ ಲೆಕ್ಕ ಹಾಕಿ ಉತ್ತರ ಹುಡುಕಿದ ಮೊದಲಿಗರಲ್ಲಿ ಅವರೂ ಒಬ್ಬರು.

ಹುಟ್ಟಿದ್ದು 1868ರ ಫೆಬ್ರವರಿ 23ರಂದು, ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್ಟನ್ ಅನ್ನೋ ಸಣ್ಣ ಊರಲ್ಲಿ. ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದು ಆಗಿನ್ನೂ ಮೂರೇ ವರ್ಷ. ಓದಿನಲ್ಲಿ ಭಯಂಕರ ಚುರುಕು. ಮೊದಲು ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮುಗಿಸಿದರು. ಆಮೇಲೆ ಹಾರ್ವರ್ಡ್‌ಗೆ ಹೋದರೆ ಅಲ್ಲಿ ಆ ಡಿಗ್ರಿಯನ್ನ ಪೂರ್ತಿ ಒಪ್ಪಲಿಲ್ಲ, ಇನ್ನೊಂದು ಬಿಎ ಮಾಡಬೇಕಾಯ್ತು. ನಂತರ ಎರಡು ವರ್ಷ ಬರ್ಲಿನ್. 1895ರಲ್ಲಿ ಹಾರ್ವರ್ಡ್‌ನಿಂದ ಪಿಎಚ್‌ಡಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಆದರು. ಬರ್ಲಿನ್‌ನಿಂದ ಅವರು ತಂದದ್ದು ಒಂದು ನಂಬಿಕೆ. ಸಮಾಜವನ್ನ ಅಭಿಪ್ರಾಯದಿಂದ ಅಲ್ಲ, ಅಳತೆಯಿಂದ ಅರ್ಥ ಮಾಡ್ಕೋಬೇಕು. ಜನಕ್ಕೆ ಸತ್ಯ ಗೊತ್ತಿಲ್ಲ, ಗೊತ್ತಾದ್ರೆ ಬದಲಾಗ್ತಾರೆ. ಈಗಿನ ಡೇಟಾ ಸೈನ್ಸ್ ಹುಡುಗರು ಹೇಳೋ ಮಾತು ಇದಕ್ಕಿಂತ ಬೇರೆ ಏನಿಲ್ಲ.

1896ರಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟಿ ಅವರನ್ನ ಕರೆಯಿತು. ಫಿಲಡೆಲ್ಫಿಯಾ ನಗರದ ಏಳನೇ ವಾರ್ಡ್‌ನಲ್ಲಿ ಕಪ್ಪು ಜನ ಒತ್ತೊತ್ತಾಗಿ ಇದ್ದರು. ಬಡತನ, ಕಳ್ಳತನ, ಜೂಜು ಎಲ್ಲಕ್ಕೂ ಇವರೇ ಕಾರಣ ಅಂತ ಊರಿನ ದೊಡ್ಡವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು. ಅದನ್ನ ವೈಜ್ಞಾನಿಕವಾಗಿ ಸ್ಟಡಿ ಮಾಡೋಕೆ ಒಬ್ಬ ಬೇಕಿತ್ತು. ಸಂಬಳ ವರ್ಷಕ್ಕೆ 900 ಡಾಲರ್. ಕೂರೋಕೆ ಆಫೀಸ್ ಇಲ್ಲ, ಕ್ಲಾಸ್ ಇಲ್ಲ, ಕೊನೆಗೆ ಯೂನಿವರ್ಸಿಟಿಯ ಕ್ಯಾಟಲಾಗ್‌ನಿಂದ ಅವರ ಹೆಸರೂ ಬಿಟ್ಟು ಹೋಯ್ತು. ಮದುವೆಯಾಗಿ ಮೂರು ತಿಂಗಳಾಗಿತ್ತು ಅಷ್ಟೇ. ಹೆಂಡತಿ ನೀನಾ ಜೊತೆ ಅದೇ ವಾರ್ಡ್‌ನ ಅಂಚಿನಲ್ಲಿ, ಒಂದು ಕ್ಯಾಂಟೀನಿನ ಮೇಲಿದ್ದ ಒಂದೇ ರೂಮಿನಲ್ಲಿ ಸಂಸಾರ ಹೂಡಿದರು.

ಸರ್ವೆ ಹೇಗೆ ಮಾಡಿದರು ಅನ್ನೋದು ನನಗೆ ತುಂಬಾ ಇಷ್ಟವಾದ ಭಾಗ. ಆರು ಥರದ ಫಾರ್ಮ್ ಇತ್ತು: ಕುಟುಂಬಕ್ಕೆ ಒಂದು, ಪ್ರತಿ ವ್ಯಕ್ತಿಗೆ ಒಂದು, ಮನೆಗೆ ಒಂದು, ಬೀದಿಗೆ ಒಂದು, ಸಂಘ ಸಂಸ್ಥೆಗಳಿಗೆ ಒಂದು, ಮಾಲೀಕರ ಮನೆಯಲ್ಲೇ ಉಳ್ಕೊಂಡು ಕೆಲಸ ಮಾಡೋ ಆಳುಗಳಿಗೆ ಇನ್ನೊಂದು. ಸ್ಯಾಂಪಲ್ ತಗೊಂಡು ಅಂದಾಜು ಮಾಡಲಿಲ್ಲ. ಆ ವಾರ್ಡ್‌ನಲ್ಲಿದ್ದ ಕಪ್ಪು ಜನರ ಸುಮಾರು 2,500 ಮನೆಗಳ ಬಾಗಿಲನ್ನ ಒಬ್ಬರೇ ತಟ್ಟಿದರು. ಒಟ್ಟು 9,675 ಜನರ ಲೆಕ್ಕ ಸಿಕ್ತು. ಜನರೇನೂ ಬನ್ನಿ ಬನ್ನಿ ಅಂತ ಕರೆದು ಕಾಫಿ ಕೊಡಲಿಲ್ಲ. ಯಾವುದೋ ವಿಚಿತ್ರ ಪ್ರಾಣಿ ಥರ ತಮ್ಮನ್ನ ಪರೀಕ್ಷೆ ಮಾಡೋದು ಯಾರಿಗೆ ತಾನೇ ಇಷ್ಟ? ಕೋಟು, ಕೈಗವಸು, ಬೆತ್ತ ಹಿಡಿದು ಬರುವ ಈ ಹಾರ್ವರ್ಡ್ ಯುವಕನಿಗೆ ಅದು ಗೊತ್ತಾಗ್ತಿತ್ತು ಕೂಡ.

1899ರಲ್ಲಿ ಇದು 'ದಿ ಫಿಲಡೆಲ್ಫಿಯಾ ನೀಗ್ರೋ' ಅನ್ನೋ ಪುಸ್ತಕವಾಗಿ ಬಂತು (ಆ ಪದ ಆಗ ಮಾಮೂಲಿ ಬಳಕೆಯಲ್ಲಿತ್ತು). ಅದರ ತಿರುಳು ಹೀಗಿದೆ. ವಾರ್ಡ್‌ನ ಕಪ್ಪು ಜನರಲ್ಲಿ ಆ ಊರಲ್ಲೇ ಹುಟ್ಟಿದವರು ಮೂರನೇ ಒಂದು ಭಾಗವೂ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ದಕ್ಷಿಣದ ರಾಜ್ಯಗಳಿಂದ ವಲಸೆ ಬಂದವರು. ಅವರಿಗೆ ಸಿಗ್ತಿದ್ದ ಕೆಲಸ ಹೆಚ್ಚಾಗಿ ಮನೆಗೆಲಸ, ಅಡುಗೆ, ಬಟ್ಟೆ ಒಗೆಯೋದು, ಹೋಟೆಲ್ ಕೆಲಸ. ಅದು ಇದ್ದದ್ದು ಊರ ಮಧ್ಯೆ, ಶ್ರೀಮಂತರ ಬೀದಿಗಳಲ್ಲಿ. ಹಾಗಾಗಿ ನಡ್ಕೊಂಡು ಹೋಗುವಷ್ಟು ಹತ್ತಿರದಲ್ಲೇ ಇರಬೇಕು. ಬೇರೆ ಕಡೆ ಹೋಗೋಣ ಅಂದ್ರೆ ಬಿಳಿಯರ ಬೀದಿಗಳಲ್ಲಿ ಮನೆ ಕೊಡಲ್ಲ. ಬೇರೆ ಆಯ್ಕೆ ಇಲ್ಲ ಅಂತ ಮಾಲೀಕರಿಗೂ ಗೊತ್ತು, ಅದಕ್ಕೆ ಕೆಟ್ಟ ಮನೆಗೂ ಜಾಸ್ತಿ ಬಾಡಿಗೆ. ಬಾಡಿಗೆ ಹೊಂದಿಸೋಕೆ ಒಂದು ರೂಮನ್ನ ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಡಬೇಕು. ಆಗ ಮನೆ ಗಿಜಿಗುಡುತ್ತೆ, ಕಾಯಿಲೆ ಬರುತ್ತೆ. ಅದನ್ನ ನೋಡಿ ಊರವರು ಇವರು ಇರೋದೇ ಹೀಗೆ ಅಂತಾರೆ, ಇನ್ನೂ ಮನೆ ಕೊಡಲ್ಲ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್ ಅಂತ ಬೇರೆ ಹೇಳಬೇಕಾಗಿಲ್ಲ. ಅವರು ವಿವರ ಕಲೆಹಾಕಿದ 2,441 ಕುಟುಂಬಗಳಲ್ಲಿ ಬಚ್ಚಲು, ಶೌಚಾಲಯದ ಸೌಕರ್ಯ ಇದ್ದದ್ದು 334ಕ್ಕೆ ಮಾತ್ರ.

ಕೆಲಸದ ಬಗ್ಗೆ ಬರೆಯುವಾಗ ಅವರು ಒಬ್ಬನ ಕಥೆ ಹೇಳ್ತಾರೆ, ಹೆಸರು ಹಾಕಿಲ್ಲ. ಇದೇ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ ಹುಡುಗ. ಒಳ್ಳೆ ರೆಕಾರ್ಡ್ ಇತ್ತು, ಜಾಹೀರಾತು ನೋಡಿ ಅರ್ಜಿ ಹಾಕಿದ, ಕೆಲಸವೂ ಸಿಕ್ತು. ಕೆಲವೇ ಗಂಟೆ ಕೆಲಸ ಮಾಡಿದ ಮೇಲೆ ಅವನು ಕಪ್ಪು ಜನಾಂಗದವನು ಅಂತ ಗೊತ್ತಾಗಿ ತೆಗೆದುಹಾಕಿದರು. ಪುಸ್ತಕ ಬರೆಯೋ ಹೊತ್ತಿಗೆ ಅವನು ಯೂನಿವರ್ಸಿಟಿ ಕ್ಲಬ್‌ನಲ್ಲಿ ವೇಟರ್. ಅಲ್ಲಿಗೆ ಊಟಕ್ಕೆ ಬರ್ತಿದ್ದವರು ಅವನ ಜೊತೆ ಡಿಗ್ರಿ ಮಾಡಿದ ಬಿಳಿಯರು. ಪ್ಲೇಸ್‌ಮೆಂಟ್ ಸೀಸನ್ ಬಗ್ಗೆ ತಲೆ ಕೆಡಿಸ್ಕೊಂಡಿರೋ ನಮ್ಮಂಥವರು ಈ ನಾಲ್ಕು ಸಾಲನ್ನ ಸುಮ್ಮನೆ ಓದಿ ಮುಂದೆ ಹೋಗೋದು ಕಷ್ಟ.

ಒಂದು ವಿಷಯ ಮಾತ್ರ ನನಗೆ ಹಿಡಿಸಲಿಲ್ಲ. ಪುಸ್ತಕದಲ್ಲಿ ವಾರ್ಡ್‌ನ ಮ್ಯಾಪ್ ಇದೆ, ಪ್ರತಿ ಕಟ್ಟಡಕ್ಕೂ ಬಣ್ಣ ಹಚ್ಚಿ ಜನರನ್ನ ನಾಲ್ಕು ದರ್ಜೆ ಮಾಡಿದ್ದಾರೆ. ಅತಿ ಕೆಳಗಿನ ದರ್ಜೆಗೆ ಕೊಟ್ಟಿರೋದು ದುಷ್ಟರು, ಅಪರಾಧಿಗಳು ಅನ್ನೋ ಅರ್ಥದ ಹೆಸರು. ಅದೇ ರೀತಿ ಲಂಡನ್‌ನ ಬಡತನದ ಮ್ಯಾಪ್ ಮಾಡಿದ್ದ ಚಾರ್ಲ್ಸ್ ಬೂತ್ ಕೂಡ ಇಂಥದೇ ಹೆಸರು ಇಟ್ಟಿದ್ದರು. ಕಾಲವೇ ಹಾಗಿತ್ತು ಅನ್ನಬಹುದು. ಆದ್ರೂ ಇಷ್ಟು ಜನರ ಮನೆಯೊಳಗೆ ಕೂತು ಮಾತಾಡಿದವರು ಹಾಗೆ ಬರೆಯಬಾರದಿತ್ತು.

ಅಷ್ಟರಲ್ಲಿ ಅವರು ಅಟ್ಲಾಂಟಾ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಹೋಗಿದ್ದರು. 1899 ಅವರ ಪಾಲಿಗೆ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ ಜಾರ್ಜಿಯಾದಲ್ಲಿ ಸ್ಯಾಮ್ ಹೋಸ್ ಅನ್ನೋ ಕಪ್ಪು ಕೂಲಿಯನ್ನ ಬಿಳಿಯರ ಗುಂಪು ಹಿಂಸಿಸಿ ಸುಟ್ಟು ಕೊಂದಿತು. ಆ ವಿಷಯದ ಬಗ್ಗೆ ಡು ಬಾಯ್ಸ್ ಸಮಾಧಾನವಾಗಿ, ವಿಚಾರ ಮಾಡಿ ಒಂದು ಪತ್ರ ಬರೆದು ಪೇಪರ್ ಆಫೀಸಿಗೆ ಕೊಡೋಕೆ ನಡ್ಕೊಂಡು ಹೊರಟಿದ್ದರು. ದಾರಿಯಲ್ಲಿ ಗೊತ್ತಾಯ್ತು, ಸತ್ತವನ ಕೈಬೆರಳಿನ ಗೆಣ್ಣುಗಳನ್ನ ಅದೇ ರಸ್ತೆಯ ಮುಂದಿನ ದಿನಸಿ ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ ಅಂತ. ಪತ್ರ ಕೊಡದೆ ವಾಪಸ್ ಬಂದರು. ಮುಂದಿನ ತಿಂಗಳು, ಇನ್ನೂ ಎರಡು ವರ್ಷ ತುಂಬದ ಮಗ ಬರ್ಗ್‌ಹಾರ್ಟ್ ಡಿಫ್ತೀರಿಯಾದಿಂದ ತೀರಿಕೊಂಡ. ಅಂಕಿಅಂಶದಿಂದ ಜಗತ್ತು ಬದಲಾಗುತ್ತೆ ಅನ್ನೋ ನಂಬಿಕೆ ಅಲ್ಲಿಂದ ಸಡಿಲ ಆಗೋಕೆ ಶುರುವಾಯ್ತು.

ಶುರುವಾಯ್ತು ಅಷ್ಟೇ, ಬಿಟ್ಟುಹೋಗಲಿಲ್ಲ. ಯಾಕಂದ್ರೆ ಅವರ ಅತಿ ಸುಂದರ ಡೇಟಾ ಕೆಲಸ ಬಂದದ್ದು ಮುಂದಿನ ವರ್ಷ. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಅಮೆರಿಕದ ಕಪ್ಪು ಜನರ ಬದುಕನ್ನ ತೋರಿಸುವ ಸುಮಾರು 60 ಚಾರ್ಟ್‌ಗಳನ್ನ ಡು ಬಾಯ್ಸ್ ಮತ್ತು ಅವರ ವಿದ್ಯಾರ್ಥಿಗಳು ಕೈಯಲ್ಲೇ ಬರೆದರು. ಮ್ಯಾಟ್‌ಪ್ಲಾಟ್‌ಲಿಬ್ ಇಲ್ಲ, ಎಕ್ಸೆಲ್ ಇಲ್ಲ, ಇಂಕು ಮತ್ತು ಬಣ್ಣ ಅಷ್ಟೇ. ಜಾರ್ಜಿಯಾದಲ್ಲಿ ಹುಟ್ಟಿದವರು ಈಗ ಯಾವ್ಯಾವ ರಾಜ್ಯದಲ್ಲಿದ್ದಾರೆ, ಅಲ್ಲಿ ಇರೋರು ಎಲ್ಲಿಂದ ಬಂದವರು ಅನ್ನೋ ವಲಸೆ ಚಾರ್ಟ್ ಅದರಲ್ಲಿದೆ. ನನ್ನ ಫೇವರಿಟ್ ಇನ್ನೊಂದು. 1890ರಲ್ಲಿ ಜಾರ್ಜಿಯಾದ ಕಪ್ಪು ಜನರಲ್ಲಿ 78,139 ಜನ ದೊಡ್ಡ ನಗರಗಳಲ್ಲಿ, 8,025 ಮತ್ತು 37,699 ಜನ ಚಿಕ್ಕ ಪಟ್ಟಣಗಳಲ್ಲಿ, 7,34,952 ಜನ ಹಳ್ಳಿಗಳಲ್ಲಿ ಇದ್ದರು. ಸ್ಕೇಲ್ ಪ್ರಕಾರ ಗೆರೆ ಎಳೆದರೆ ಕೊನೆಯದು ಹಾಳೆ ದಾಟಿ ಹೋಗುತ್ತೆ. ಅದಕ್ಕೆ ಏನು ಮಾಡಿದರು ಗೊತ್ತಾ? ಕೆಂಪು ಗೆರೆಯನ್ನ ಚಕ್ಕುಲಿ ಥರ ಸುತ್ತಿಬಿಟ್ಟರು. ಪ್ಯಾರಿಸ್‌ಗೆ ಹೋಗೋಕೆ ಒಳ್ಳೆ ಟಿಕೆಟ್‌ಗೆ ದುಡ್ಡಿರಲಿಲ್ಲ, ಹಡಗಿನ ಅತಿ ಅಗ್ಗದ ದರ್ಜೆಯಲ್ಲಿ ಹೋಗಿ ತಾವೇ ನಿಂತು ಚಾರ್ಟ್‌ಗಳನ್ನ ಜೋಡಿಸಿದರು. ಚಿನ್ನದ ಪದಕ ಬಂತು. ಮನೆಗೆ ಬಂದ ಮೇಲೆ ಅಟ್ಲಾಂಟಾದಲ್ಲಿ ಮತ್ತೆ ಅದೇ ಬೇರೆ ಸೀಟು, ಬೇರೆ ಬಾಗಿಲು. ಅಲ್ಲಿನ ಟ್ರಾಮ್ ಹತ್ತದೆ ನಡ್ಕೊಂಡೇ ಓಡಾಡ್ತಿದ್ದರು. ಆ ಚಾರ್ಟ್‌ಗಳು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸೈಟಿನಲ್ಲಿ ಫ್ರೀಯಾಗಿ ಸಿಗುತ್ತೆ, ನೋಡಿ.

ಆಮೇಲಿನ ಮೂವತ್ತು ವರ್ಷದ ಕಥೆ ನಿಮಗೆ ಯಾವ ಪುಸ್ತಕದಲ್ಲಾದ್ರೂ ಸಿಗುತ್ತೆ: 1909ರಲ್ಲಿ ಎನ್‌ಎಎಸಿಪಿ ಸಂಘ ಕಟ್ಟಿದವರಲ್ಲಿ ಒಬ್ಬರು, 1910ರಿಂದ ಅದರ 'ದಿ ಕ್ರೈಸಿಸ್' ಪತ್ರಿಕೆಯ ಸಂಪಾದಕರು. ಆ ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ಹನಿ ಹನಿಯಾಗಿ ನೋಡಿದ್ದ ವಲಸೆ ಪ್ರವಾಹ ಆಯ್ತು. 1916ರಿಂದ 1970ರ ಒಳಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಹೋದರು. ದಕ್ಷಿಣದಲ್ಲಿ ಕೊಲೆ, ಸಾಲ, ಓಟಿಲ್ಲದ ಬದುಕು; ಉತ್ತರದಲ್ಲಿ ಕಾರ್ಖಾನೆ ಕೆಲಸ. ಡು ಬಾಯ್ಸ್ ತಮ್ಮ ಪತ್ರಿಕೆಯಲ್ಲಿ ಹೊರಡಿ ಅಂತಲೇ ಬರೆದರು. ಹೋದ ಕಡೆ ಗೋಡೆಗಳು ಕಾಯ್ತಿದ್ದವು. 1917ರ ಜುಲೈನಲ್ಲಿ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ವಲಸೆ ಬಂದವರ ಮೇಲೆ ಬಿಳಿಯರು ದಾಳಿ ಮಾಡಿದಾಗ, ಅಧಿಕೃತ ಲೆಕ್ಕದಲ್ಲೇ 39 ಕಪ್ಪು ಜನ ಸತ್ತರು. ಡು ಬಾಯ್ಸ್ ಅಲ್ಲಿಗೆ ಹೋಗಿ ಬದುಕಿ ಉಳಿದವರ ಮಾತು ಕೇಳಿ ಬರ್ಕೊಂಡು ಬಂದರು. ಅದೇ ವರ್ಷ ಲೂಯಿವಿಲ್ ನಗರದ ಕೇಸಿನಲ್ಲಿ, ಬಣ್ಣ ನೋಡಿ ಬೀದಿ ಹಂಚುವ ಕಾನೂನು ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಎನ್‌ಎಎಸಿಪಿಗೆ ದೊಡ್ಡ ಗೆಲುವು. ಆದ್ರೆ ಬಿಳಿಯರು ಬೇರೆ ದಾರಿ ಹಿಡಿದರು: ಮನೆಯ ಕ್ರಯಪತ್ರದಲ್ಲೇ ಇದನ್ನ ಕಪ್ಪು ಜನರಿಗೆ ಮಾರಬಾರದು ಅಂತ ಷರತ್ತು ಹಾಕಿದರು. ಕೋರ್ಟುಗಳು ಅಂಥ ಷರತ್ತನ್ನ ಜಾರಿ ಮಾಡೋದು ನಿಂತದ್ದು 1948ರಲ್ಲಿ. ಕೇರಿ ಅನ್ನೋ ಪದದ ಅರ್ಥ ಗೊತ್ತಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಡಾ. ಅಂಬೇಡ್ಕರ್‌ಗೂ ಹೇಳಬೇಕಿರಲಿಲ್ಲ, ಕಪ್ಪು ಜನರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು ಅಂತ 1946ರಲ್ಲಿ ಅವರು ಡು ಬಾಯ್ಸ್‌ಗೆ ಪತ್ರ ಬರೆದಿದ್ದರು, ಇವರು ಉತ್ತರವನ್ನೂ ಕೊಟ್ಟರು.

1934ರಲ್ಲಿ ಡು ಬಾಯ್ಸ್ ತಮ್ಮವರಿಗೇ ಶಾಕ್ ಕೊಟ್ರು. ಗೋಡೆ ಬೀಳೋದು ಸದ್ಯಕ್ಕಿಲ್ಲ, ಅಲ್ಲಿವರೆಗೆ ಒಳಗಿರೋ ನಾವು ನಮ್ಮದೇ ಅಂಗಡಿ, ಶಾಲೆ, ಸಹಕಾರ ಸಂಘ ಗಟ್ಟಿ ಮಾಡ್ಕೊಳ್ಳೋಣ ಅನ್ನೋ ಅರ್ಥದಲ್ಲಿ ಬರೆದರು. ಬಲವಂತದ ವಿಂಗಡಣೆ ಬೇರೆ, ನಮ್ಮವರ ಜೊತೆ ನಾವು ಸೇರೋದು ಬೇರೆ ಅನ್ನೋದು ಅವರ ವಾದ. ಸಂಘದವರಿಗೆ ಇದು ಸೋಲು ಒಪ್ಕೊಂಡ ಹಾಗೆ ಕಾಣಿಸ್ತು. ಅವರು ರಾಜೀನಾಮೆ ಕೊಟ್ಟು ಹೊರಗೆ ಬಂದರು. ಯಾರು ಸರಿ ಅಂತ ಹೇಳೋದು ಕಷ್ಟ. ಕೋರ್ಟ್‌ನಲ್ಲಿ ಮುಂದೆ ಗೆದ್ದದ್ದು ಸಂಘದ ದಾರಿ. ಆದ್ರೆ 2,500 ಮನೆಯ ಬಾಡಿಗೆ ಲೆಕ್ಕ ಬರ್ಕೊಂಡಿದ್ದ ಮನುಷ್ಯನಿಗೆ, ತೀರ್ಪು ಬಂದ ಮಾರನೇ ದಿನ ಬಾಡಿಗೆ ಇಳಿಯಲ್ಲ ಅಂತ ಗೊತ್ತಿತ್ತು.

ಕೊನೆಗೆ ಅವರೂ ವಲಸೆ ಹೋದರು. 1951ರಲ್ಲಿ ಸರ್ಕಾರ ಅವರ ಶಾಂತಿ ಚಳವಳಿಯ ಕೆಲಸಕ್ಕೆ ಕೇಸ್ ಹಾಕಿತು, ಕೋರ್ಟಿನಲ್ಲಿ ಖುಲಾಸೆ ಆಯ್ತು, ಆದ್ರೂ ವರ್ಷಗಟ್ಟಲೆ ಪಾಸ್‌ಪೋರ್ಟ್ ಕೊಡಲಿಲ್ಲ. 1961ರಲ್ಲಿ, 93ನೇ ವಯಸ್ಸಿಗೆ, ಘಾನಾದ ಅಧ್ಯಕ್ಷ ಎನ್‌ಕ್ರುಮಾ ಕರೆದರು ಅಂತ ಆಫ್ರಿಕಾದ ಬಗ್ಗೆ ಒಂದು ವಿಶ್ವಕೋಶ ಮಾಡೋಕೆ ಅಕ್ರಾಗೆ ಹೊರಟರು. ಅಲ್ಲಿ ಅಮೆರಿಕದ ಪಾಸ್‌ಪೋರ್ಟ್ ನವೀಕರಣ ಆಗದೆ ಘಾನಾದ ಪ್ರಜೆಯಾದರು. 1963ರ ಆಗಸ್ಟ್ 27ರಂದು ಅಲ್ಲೇ ತೀರಿಕೊಂಡರು. ಮಾರನೇ ದಿನ ವಾಷಿಂಗ್ಟನ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು, ಕಿಂಗ್ ಅವರ ಭಾಷಣದ ದಿನ ಅದು. ಡು ಬಾಯ್ಸ್ ಬಿಟ್ಟು ಬಂದಿದ್ದ ಸಂಘದ ಮುಖಂಡ ರಾಯ್ ವಿಲ್ಕಿನ್ಸ್ ಅದೇ ವೇದಿಕೆಯಿಂದ ಅವರ ಸಾವಿನ ಸುದ್ದಿ ಹೇಳಿದರು. ವಿಶ್ವಕೋಶ ಮುಗಿದಿರಲಿಲ್ಲ.